ಎಚ್‌ಎಸ್‌ಪಿ27 ಬ್ಯಾಂಡ್ ಕಾಣುತ್ತಿಲ್ಲವೇ? ಆಂಟಿಬಾಡಿಯನ್ನು ಬೈಯುವ ಮೊದಲು ನೋಡಬೇಕಾದದ್ದು

ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರೆ ಮಾಡಿ, ಮೆಂಬ್ರೇನ್‌ಗೆ ಇಳಿಸಿ ಹುಡುಕುವ ಪರೀಕ್ಷೆ) ಬ್ಯಾಂಡ್, ಅಂದರೆ ಪ್ರೋಟೀನ್ ಇದೆ ಎನ್ನುವ ಗೆರೆ, ಬರಲಿಲ್ಲ ಅಂದರೆ ಮೊದಲು ಬೈಸಿಕೊಳ್ಳುವುದು ಆ ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ. “ಮೇಡಂ, ಇದು ಹಾಳಾಗಿದೆ. ಪಾರ್ಸೆಲ್ ತೆರೆಯುವಾಗಲೇ ಐಸ್ ಪ್ಯಾಕ್ ಕರಗಿ ನೀರಾಗಿತ್ತು. ಹೊಸದು ತರಿಸುವಾ” ಅಂತ ಹುಡುಗರು ಬಂದು ನಿಲ್ಲುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ಈ ಅನುಮಾನ ಸುಮ್ನೆ ಬರುವುದಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರಿನಿಂದ ಹೊರಟ ಪಾರ್ಸೆಲ್ ಎಲ್ಲಿ ನಿಂತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊಸ ವಯಲ್ ತರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಹುಡುಕುತ್ತಿರುವ ಪ್ರೋಟೀನ್ ಆ ಟ್ಯೂಬಿನಲ್ಲಿ ಇತ್ತಾ? ಸಣ್ಣ ಹೀಟ್ ಶಾಕ್ ಪ್ರೋಟೀನ್‌ಗಳ (ಬಿಸಿಯಂಥ ಒತ್ತಡದಲ್ಲಿ ಕೋಶವನ್ನು ಕಾಯುವವು) ವಿಷಯದಲ್ಲಿ ನಾನು ನೋಡಿದ ಹೆಚ್ಚಿನ ತೊಂದರೆಗಳು ಶುರುವಾದದ್ದು ಸ್ಯಾಂಪಲ್ ಮಾಡುವ ಮೇಜಿನಲ್ಲಿ.

ಇಲ್ಲಿ ಅವುಗಳಲ್ಲಿ ಒಂದಾದ ಎಚ್‌ಎಸ್‌ಪಿ27 ಅನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಮೌಸ್ ಮೊನೊಕ್ಲೋನಲ್ ಪ್ರೈಮರಿ (ಒಂದೇ ಕ್ಲೋನ್‌ನಿಂದ ಬಂದ, ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ), ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಸೆಕೆಂಡರಿ (ಪ್ರೈಮರಿಯನ್ನು ಹಿಡಿಯುವ ಆಂಟಿಬಾಡಿ), ಆ ಕಿಣ್ವದಿಂದ ಬೆಳಕು ಬರಿಸುವ ಇಸಿಎಲ್, ಅಂದರೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಇರುವ ಮಾಮೂಲಿ ವೆಸ್ಟರ್ನ್ ಬ್ಲಾಟ್. ಆಲ್ಫಾ ಬಿ ಕ್ರಿಸ್ಟಲಿನ್ ನೋಡುವವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಈ ಪ್ರೋಟೀನ್‌ನ ಗುಣ

ಮನುಷ್ಯರಲ್ಲಿ ಈ ಕುಟುಂಬಕ್ಕೆ 10 ಸದಸ್ಯರು. ಎಚ್‌ಎಸ್‌ಪಿಬಿ1ರಿಂದ ಎಚ್‌ಎಸ್‌ಪಿಬಿ10ರವರೆಗೆ ಹೆಸರು. ಎಚ್‌ಎಸ್‌ಪಿ27 ಅಂದರೆ ಎಚ್‌ಎಸ್‌ಪಿಬಿ1, ಆಲ್ಫಾ ಬಿ ಕ್ರಿಸ್ಟಲಿನ್ ಅಂದರೆ ಎಚ್‌ಎಸ್‌ಪಿಬಿ5. ಎಚ್‌ಎಸ್‌ಪಿ27ರಲ್ಲಿ 205 ಅಮೈನೋ ಆಸಿಡ್‌ಗಳಿವೆ. ಲೆಕ್ಕ ಹಾಕಿದರೆ ತೂಕ ಸುಮಾರು 22.8 ಕಿಲೋಡಾಲ್ಟನ್ ಬರುತ್ತದೆ, ಆದರೆ ಜೆಲ್‌ನಲ್ಲಿ ಓಡುವುದು 27ರ ಹತ್ತಿರ. ಹಾಗಾಗಿ ಕಂಪ್ಯೂಟರ್ ಹೇಳಿದ ತೂಕ ಹಿಡಿದುಕೊಂಡು 23ರಲ್ಲಿ ಹುಡುಕಬೇಡಿ.

ಪ್ರೋಟೀನ್‌ನ ನಡುಭಾಗದಲ್ಲಿ ಸುಮಾರು 90 ಅಮೈನೋ ಆಸಿಡ್‌ಗಳ ಆಲ್ಫಾ ಕ್ರಿಸ್ಟಲಿನ್ ಡೊಮೈನ್ ಉಂಟು. ಇದು ಕುಟುಂಬದ ಎಲ್ಲರಲ್ಲೂ ಇದೆ. ಎರಡು ತುದಿಗಳು ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಜೀವಕೋಶದೊಳಗೆ ಇದು ಒಂಟಿಯಾಗಿ ಇರುವುದಿಲ್ಲ, ಹತ್ತಾರು ಒಟ್ಟು ಸೇರಿ ದೊಡ್ಡ ಗುಂಪು ಕಟ್ಟಿಕೊಳ್ಳುತ್ತದೆ. ಒತ್ತಡ ಬಂದಾಗ ಎಂಕೆ2 ಎಂಬ ಕೈನೇಸ್ ಬಂದು 15, 78 ಮತ್ತು 82ನೇ ಸೆರಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತದೆ. ಆಗ ದೊಡ್ಡ ಗುಂಪು ಸಣ್ಣ ಸಣ್ಣದಾಗಿ ಒಡೆಯುತ್ತದೆ. ಎಸ್‌ಡಿಎಸ್ (ಪ್ರೋಟೀನ್‌ಗಳನ್ನು ಬಿಡಿಸುವ ಸಾಬೂನಿನಂಥ ರಾಸಾಯನಿಕ) ಇರುವ ಜೆಲ್‌ನಲ್ಲಿ ಈ ಗುಂಪುಗಾರಿಕೆಯೆಲ್ಲ ಬಿಡಿಸಿಹೋಗುವುದರಿಂದ ಬ್ಲಾಟ್ ಮಾಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಜೆಲ್‌ಗಿಂತ ಮೊದಲು ಅದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದಕ್ಕೆ.

ಮೆಂಬ್ರೇನ್ ಪೂರಾ ಖಾಲಿ ಇದ್ದರೆ

ಎರಡು ಪರೀಕ್ಷೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತವೆ. ಇವನ್ನು ಮಾಡದೆ ಬೇರೆ ಏನನ್ನೂ ಬದಲಾಯಿಸಬೇಡಿ.

ಮೊದಲನೆಯದು ಪಾನ್ಸೋ, ಎಲ್ಲ ಪ್ರೋಟೀನ್‌ಗೂ ಹಿಡಿಯುವ ಕೆಂಪು ಬಣ್ಣ. ಟ್ರಾನ್ಸ್‌ಫರ್ (ಜೆಲ್‌ನಿಂದ ಮೆಂಬ್ರೇನ್‌ಗೆ ಪ್ರೋಟೀನ್ ಇಳಿಸುವುದು) ಆದ ಕೂಡಲೇ ಮೆಂಬ್ರೇನನ್ನು 0.1% ಪಾನ್ಸೋ ಎಸ್‌ನಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಲೇನ್‌ಗಳು ಕೆಂಪಗೆ ಕಾಣಬೇಕು. 20ರಿಂದ 30 ಕಿಲೋಡಾಲ್ಟನ್ ನಡುವೆಯೂ ಕೆಂಪು ಇರಬೇಕು. ಮೇಲೆ ಗಾಢವಾಗಿದ್ದು ಕೆಳಗೆ ಮಾತ್ರ ಬಿಳಿ ಇದ್ದರೆ ತಪ್ಪು ಟ್ರಾನ್ಸ್‌ಫರ್‌ನಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ. ಈ ಫೋಟೋ ಇಲ್ಲದೆ “ಮೇಡಂ, ಬ್ಯಾಂಡ್ ಇಲ್ಲ” ಅಂತ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.

ಎರಡನೆಯದು ಡಾಟ್ ಪರೀಕ್ಷೆ. ನೈಟ್ರೋಸೆಲ್ಯುಲೋಸ್‌ನ ಎರಡು ಸಣ್ಣ ತುಂಡು ತೆಗೆದುಕೊಳ್ಳಿ. ಒಂದರ ಮೇಲೆ ಪ್ರೈಮರಿ ಆಂಟಿಬಾಡಿಯನ್ನೇ 1:100, 1:1000, 1:10000 ಹೀಗೆ ತೆಳು ಮಾಡಿ 1 ಮೈಕ್ರೋಲೀಟರ್‌ನಂತೆ ಬೊಟ್ಟು ಇಡಿ. ಒಣಗಿದ ಮೇಲೆ ಬ್ಲಾಕ್ ಮಾಡಿ (ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ ಹಾಲು ಅಥವಾ ಬಿಎಸ್‌ಎ ಪ್ರೋಟೀನ್‌ನಲ್ಲಿ ನೆನೆಸುವುದು), ಸೆಕೆಂಡರಿ ಮಾತ್ರ ಹಾಕಿ, ಇಸಿಎಲ್ ಹಾಕಿ. ಬೊಟ್ಟುಗಳು ಬೆಳಗಿದರೆ ಸೆಕೆಂಡರಿ, ಇಸಿಎಲ್, ಯಂತ್ರ ಎಲ್ಲ ಸರಿ ಇದೆ. ಬೆಳಗದಿದ್ದರೆ ಪ್ರೈಮರಿಯ ಮೇಲೆ ಅನುಮಾನ ಪಡುವ ಕಾಲ ಇನ್ನೂ ಬಂದಿಲ್ಲ. ಇನ್ನೊಂದು ತುಂಡಿನ ಮೇಲೆ ಶುದ್ಧ ಎಚ್‌ಎಸ್‌ಪಿ27 ಪ್ರೋಟೀನ್ ಅಥವಾ ಎಂಸಿಎಫ್7 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಲೈಸೇಟ್‌ನ (ಕೋಶ ಒಡೆದು ಪಡೆದ ದ್ರವ) ಬೊಟ್ಟು ಇಟ್ಟು, ಪ್ರೈಮರಿ ಸೆಕೆಂಡರಿ ಎರಡನ್ನೂ ಹಾಕಿ ನೋಡಿ. ಕೆಲವು ಕ್ಲೋನ್‌ಗಳು (ಅಂದರೆ ಮೊನೊಕ್ಲೋನಲ್ ಆಂಟಿಬಾಡಿಗಳು) ಬಿಡಿಸಿದ ಪ್ರೋಟೀನನ್ನು ಮಾತ್ರ ಹಿಡಿಯುತ್ತವೆ. ಹಾಗಾಗಿ ಎಸ್‌ಡಿಎಸ್‌ನಲ್ಲಿ ಕುದಿಸಿದ್ದು ಒಂದು, ಕುದಿಸದೆ ಇದ್ದದ್ದು ಒಂದು ಇಡುವುದು ಒಳ್ಳೆಯದು.

ಮೊದಲ ತುಂಡು ಬೆಳಗದಿದ್ದಾಗ ಮಾಮೂಲಿ ಅಪರಾಧಿ ಸೋಡಿಯಂ ಅಜೈಡ್. ಪ್ರೈಮರಿಯನ್ನು ಮತ್ತೆ ಬಳಸಲಿಕ್ಕೆ ಅಂತ ಅಜೈಡ್ ಹಾಕಿಡುವ ಅಭ್ಯಾಸ ಎಲ್ಲ ಕಡೆ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಅಜೈಡ್ ಎಚ್‌ಆರ್‌ಪಿಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅದೇ ಬಫರ್ ಬಾಟಲಿಯಿಂದ ಯಾರೋ ಸೆಕೆಂಡರಿಯನ್ನೂ ತೆಳು ಮಾಡಿದರೆ ಕಥೆ ಮುಗಿಯಿತು. ಬಾಟಲಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ.

ಇನ್ನೊಂದು ವಿಷಯ. ಆಂಟಿಬಾಡಿಗಳಲ್ಲಿ ಐಜಿಜಿ, ಐಜಿಎಂ ಅಂತ ಬೇರೆ ಬೇರೆ ವರ್ಗಗಳಿವೆ. ನಿಮ್ಮ ಕ್ಲೋನ್ ಐಜಿಎಂ ಆಗಿದ್ದು, ಸೆಕೆಂಡರಿ ಐಜಿಜಿಯ ಎಫ್‌ಸಿ ಭಾಗವನ್ನು (ಆಂಟಿಬಾಡಿಯ ಬಾಲದ ಕಡೆ) ಮಾತ್ರ ಹಿಡಿಯುವಂಥದ್ದಾದರೆ ಜನ್ಮದಲ್ಲಿ ಬ್ಯಾಂಡ್ ಬರುವುದಿಲ್ಲ. ಡೇಟಾ ಶೀಟ್‌ನಲ್ಲಿ ಐಸೋಟೈಪ್ ಅಂತ ಒಂದು ಸಾಲು ಇರುತ್ತದೆ, ಓದಿ.

ಪೆಲೆಟ್ ಬಿಸಾಡಿದ್ರಾ?

ಡಾಟ್ ಸರಿ ಬಂತು, ಪಾನ್ಸೋ ಸರಿ ಬಂತು. ಕಂಟ್ರೋಲ್ ಲೇನ್‌ನಲ್ಲಿ ಬ್ಯಾಂಡ್ ಇದೆ. ಬಿಸಿ ಕೊಟ್ಟ ಲೇನ್‌ನಲ್ಲಿ ಜಾಸ್ತಿ ಇರಬೇಕಾದದ್ದು ಕಡಿಮೆ ಇದೆ, ಅಥವಾ ಇಲ್ಲವೇ ಇಲ್ಲ. ಹೀಟ್ ಶಾಕ್ ಪ್ರೋಟೀನ್ ಬಿಸಿ ಕೊಟ್ಟಾಗ ಕಡಿಮೆಯಾಗುವುದು ಎಂಥದು ಮಾರಾಯ್ರೆ, ಅಂತ ತಲೆ ಮೇಲೆ ಕೈ ಹೊತ್ತು ಕೂರುವುದು ಇಲ್ಲೇ.

ಆಗುವುದು ಇಷ್ಟು. ಕೋಶಕ್ಕೆ 43 ಡಿಗ್ರಿ ಬಿಸಿ ತಾಗಿದಾಗ ಒಳಗಿನ ಬೇರೆ ಪ್ರೋಟೀನ್‌ಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟಲು ಶುರುವಾಗುತ್ತವೆ. ಎಚ್‌ಎಸ್‌ಪಿ27 ಹೋಗಿ ಅವುಗಳ ಜೊತೆ ಸೇರಿಕೊಳ್ಳುತ್ತದೆ. ಅದರ ಕೆಲಸವೇ ಅದು. ಸ್ವಲ್ಪ ಭಾಗ ನ್ಯೂಕ್ಲಿಯಸ್ ಕಡೆ, ಸ್ವಲ್ಪ ಭಾಗ ಆಕ್ಟಿನ್ ಇರುವ ಕಡೆ ಹೋಗುತ್ತದೆ. ಹೀಗೆ ಸೇರಿಕೊಂಡದ್ದು ಟ್ರೈಟಾನ್ ಅಥವಾ ಎನ್‌ಪಿ40 ಇರುವ ಸೌಮ್ಯ ಬಫರ್‌ನಲ್ಲಿ ಕರಗುವುದಿಲ್ಲ. ನೀವು 12000 ಜಿಯಲ್ಲಿ ಸ್ಪಿನ್ ಮಾಡಿ, ಮೇಲಿನ ತಿಳಿಯನ್ನು ಹೊಸ ಟ್ಯೂಬಿಗೆ ತೆಗೆದು, ಕೆಳಗಿನ ಪೆಲೆಟನ್ನು ಡಸ್ಟ್‌ಬಿನ್‌ಗೆ ಹಾಕುತ್ತೀರಿ. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಮಾತ್ರ ಬಸಿದುಕೊಂಡು, ಅಗುಳು ಎಲ್ಲಿ ಅಂತ ಹುಡುಕಿದ ಹಾಗಾಯಿತು.

ಇದಕ್ಕೆ ಸಮಯದ ಲೆಕ್ಕವೂ ಸೇರುತ್ತದೆ. ಬಿಸಿ ಕೊಟ್ಟು ಮುಗಿದ ತಕ್ಷಣ ಕೋಶಗಳನ್ನು ಒಡೆದರೆ ಹೊಸ ಎಚ್‌ಎಸ್‌ಪಿ27 ಇನ್ನೂ ತಯಾರಾಗಿರುವುದಿಲ್ಲ. ಇದ್ದ ಹಳೆಯದು ಪೆಲೆಟ್‌ಗೆ ಇಳಿದಿರುತ್ತದೆ. ಎರಡೂ ಸೇರಿ ತಿಳಿಯಲ್ಲಿ ಪ್ರೋಟೀನ್ ಬಿದ್ದುಹೋದಂತೆ ಕಾಣುತ್ತದೆ. 37 ಡಿಗ್ರಿಗೆ ವಾಪಸ್ ಇಟ್ಟು ಕೆಲವು ಗಂಟೆ ಬಿಟ್ಟರೆ ಹಳೆಯದು ಮತ್ತೆ ತಿಳಿಗೆ ಬರುತ್ತದೆ, ಹೊಸದೂ ಸೇರಿಕೊಳ್ಳುತ್ತದೆ. 42 ಅಥವಾ 43 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 37ರಲ್ಲಿ 6ರಿಂದ 16 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ. ಸಂಜೆ ಬಿಸಿ ಕೊಟ್ಟು ಬೆಳಿಗ್ಗೆ ಬಂದು ಕೋಶ ಒಡೆಯುವುದು ನಮಗೆ ಅನುಕೂಲ.

ಪೆಲೆಟ್ ನೋಡುವ ಕ್ರಮ ಹೀಗೆ. ಒಂದೇ ಥರ ಬಿಸಿ ಕೊಟ್ಟ ಎರಡು ಡಿಶ್ ಇಟ್ಟುಕೊಳ್ಳಿ. ಒಂದನ್ನು ನಿಮ್ಮ ಮಾಮೂಲಿ ಬಫರ್‌ನಲ್ಲಿ ಒಡೆದು ಸ್ಪಿನ್ ಮಾಡಿ. ತಿಳಿಯನ್ನು ತೆಗೆದಿಡಿ. ಪೆಲೆಟನ್ನು ಅದೇ ಬಫರ್‌ನಲ್ಲಿ ಒಮ್ಮೆ ತೊಳೆದು, ತಿಳಿ ಎಷ್ಟಿತ್ತೋ ಅಷ್ಟೇ ಪ್ರಮಾಣದ 2% ಎಸ್‌ಡಿಎಸ್ ಬಫರ್ ಹಾಕಿ ಸೋನಿಕೇಟ್ ಮಾಡಿ ಕುದಿಸಿ. ಸೋನಿಕೇಟ್ ಮಾಡದಿದ್ದರೆ ಡಿಎನ್‌ಎ ಲೋಳೆಯಾಗಿ ಪಿಪೆಟ್ ಟಿಪ್‌ಗೆ ಅಂಟಿಕೊಂಡು ಎಳೆ ಎಳೆಯಾಗಿ ಬರುತ್ತದೆ, ಜೆಲ್‌ನ ಬಾವಿಯಲ್ಲಿ ಇಳಿಯುವುದಿಲ್ಲ. ಸೋನಿಕೇಟರ್ ಇಲ್ಲದವರು ಇನ್ಸುಲಿನ್ ಸಿರಿಂಜಿನ ಸೂಜಿಯಲ್ಲಿ ಹತ್ತಿಪ್ಪತ್ತು ಸಲ ಎಳೆದು ಬಿಡಬಹುದು. ಇನ್ನೊಂದು ಡಿಶ್‌ಗೆ ನೇರವಾಗಿ ಬಿಸಿ ಎಸ್‌ಡಿಎಸ್ ಬಫರ್ ಸುರಿದು, ಕೆರೆದು, ಎಲ್ಲವನ್ನೂ ಕುದಿಸಿ. ಈಗ ತಿಳಿ, ಪೆಲೆಟ್, ಪೂರ್ತಿ ಲೈಸೇಟ್ ಮೂರನ್ನೂ ಅಕ್ಕಪಕ್ಕ ಓಡಿಸಿ.

ತಿಳಿ ಮತ್ತು ಪೆಲೆಟನ್ನು ಲೋಡ್ ಮಾಡುವುದು ಸಮ ಪ್ರಮಾಣದ ಲೆಕ್ಕದಲ್ಲಿ, ಸಮ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಲ್ಲ. ಪೆಲೆಟ್‌ನಲ್ಲಿ ಒಟ್ಟು ಪ್ರೋಟೀನ್ ಕಡಿಮೆ. ಎರಡಕ್ಕೂ 20 ಮೈಕ್ರೋಗ್ರಾಂ ಹಾಕಿದರೆ ಪೆಲೆಟ್ ಬ್ಯಾಂಡ್ ಸುಮ್ಮನೆ ಉಬ್ಬಿ ಕಾಣುತ್ತದೆ. ಬ್ರಾಡ್‌ಫೋರ್ಡ್ ವಿಧಾನದಲ್ಲಿ ಪ್ರೋಟೀನ್ ಅಳೆಯುವವರಿಗೂ ಒಂದು ಮಾತು: ಎಸ್‌ಡಿಎಸ್ ಇದ್ದರೆ ಆ ಲೆಕ್ಕ ನಂಬಬೇಡಿ. ಬಿಸಿಎ ವಿಧಾನ ಪರವಾಗಿಲ್ಲ, ಆದರೆ ಡಿಟಿಟಿ (ಸಿಸ್ಟೀನ್‌ಗಳ ಜೋಡಿ ಬಿಡಿಸುವ ರಾಸಾಯನಿಕ) ಹಾಕುವ ಮೊದಲೇ ಅಳೆಯಬೇಕು.

ಕೆಲವರು ಪೆಲೆಟ್‌ಗೆ 8 ಮೋಲಾರ್ ಯೂರಿಯಾ ಬಳಸುತ್ತಾರೆ. ಬಳಸಬಹುದು. ಅದನ್ನು ಕುದಿಸಬೇಡಿ, ಯೂರಿಯಾ ಒಡೆದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಏಪ್ರಿಲ್ ಸೆಕೆಯಲ್ಲಿ ಮೇಜಿನ ಮೇಲೆ ವಾರಗಟ್ಟಲೆ ಕುಳಿತ ಯೂರಿಯಾ ಬಾಟಲಿಯನ್ನೂ ಮುಟ್ಟಬೇಡಿ, ಅವತ್ತೇ ಮಾಡಿದ್ದನ್ನು ಬಳಸಿ.

ಕೋಶ ಒಡೆಯುವ ರಿಪಾ ಬಫರ್ ಇದೆಯಲ್ಲ, ಅದರಲ್ಲಿ ಎಸ್‌ಡಿಎಸ್ ಇದೆಯಲ್ಲ ಅಂತ ಕೇಳುತ್ತಾರೆ. ಇರುವುದು 0.1%. ಬಿಸಿ ತಿಂದ ಕೋಶದ ಗಂಟುಗಳನ್ನು ಅದು ಪೂರ್ತಿ ಬಿಡಿಸುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ.

ಬಿಸಿ ನಿಜವಾಗಿ ತಾಗಿತ್ತಾ?

ಪೆಲೆಟ್‌ನಲ್ಲೂ ವ್ಯತ್ಯಾಸ ಇಲ್ಲದಿದ್ದರೆ ಈ ಪ್ರಶ್ನೆ. ಡಿಶ್‌ಗಳನ್ನು ಇನ್ಕ್ಯುಬೇಟರ್‌ನ ಗಾಳಿಯಲ್ಲಿ ಇಟ್ಟರೆ ಒಳಗಿನ ಮೀಡಿಯಂ ಬಿಸಿಯಾಗಲು ತುಂಬಾ ಹೊತ್ತು ಬೇಕು. ವಾಟರ್ ಬಾತ್ ಮೇಲು. ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಬಿಗಿದು, ಮೀಡಿಯಂ ಮಟ್ಟಕ್ಕಿಂತ ನೀರು ಮೇಲೆ ಬರುವಂತೆ ಇಳಿಸಿ. ಡಿಸ್‌ಪ್ಲೇಯಲ್ಲಿ 43 ಅಂತ ಇದೆ ಅಂದರೆ ಫ್ಲಾಸ್ಕ್‌ನೊಳಗೂ 43 ಅಂತ ಅರ್ಥ ಅಲ್ಲ. ಕೋಶಗಳಿಲ್ಲದ ಒಂದು ಫ್ಲಾಸ್ಕ್‌ಗೆ ಮೀಡಿಯಂ ತುಂಬಿ, ಬೇರೆ ಥರ್ಮಾಮೀಟರ್ ಇಳಿಸಿ ನೋಡಿ.

ಒಂದೇ ಬ್ಲಾಟ್‌ನಲ್ಲಿ ಇದನ್ನು ಪರೀಕ್ಷಿಸುವ ಉಪಾಯವೂ ಇದೆ. ಮೆಂಬ್ರೇನನ್ನು 50 ಕಿಲೋಡಾಲ್ಟನ್ ಹತ್ತಿರ ಅಡ್ಡ ಕತ್ತರಿಸಿ. ಮೇಲಿನ ತುಂಡಿಗೆ ಎಚ್‌ಎಸ್‌ಪಿ70, ಕೆಳಗಿನದಕ್ಕೆ ಎಚ್‌ಎಸ್‌ಪಿ27. ಬಿಸಿಗೆ ಏರುವ ಎಚ್‌ಎಸ್‌ಪಿ70ಯನ್ನೇ ಹಿಡಿಯುವ ಕ್ಲೋನ್ ಬೇಕು, ಯಾವಾಗಲೂ ಇರುವ ಎಚ್‌ಎಸ್‌ಸಿ70ಯನ್ನು ಹಿಡಿಯುವುದು ಬೇಡ. ಎಚ್‌ಎಸ್‌ಪಿ70 ಜೋರಾಗಿ ಏರಿದ್ದು, ಎಚ್‌ಎಸ್‌ಪಿ27 ಸುಮ್ಮನಿದ್ದರೆ ಬಿಸಿ ತಾಗಿದೆ, ತೊಂದರೆ ಬೇರೆ ಕಡೆ. ಎರಡೂ ಏರದಿದ್ದರೆ ವಾಟರ್ ಬಾತ್ ರಿಪೇರಿಯವನನ್ನು ಕರೆಯಿರಿ.

ಕೋಶ ಯಾವುದು ಅನ್ನುವುದನ್ನೂ ಮರೆಯಬಾರದು. ಎಂಸಿಎಫ್7ರಲ್ಲಿ ಎಚ್‌ಎಸ್‌ಪಿ27 ಮೊದಲೇ ತುಂಬಿಕೊಂಡಿದೆ. ಅದರಲ್ಲಿ ಈಸ್ಟ್ರೋಜನ್ ಕೂಡ ಈ ಪ್ರೋಟೀನನ್ನು ಏರಿಸುತ್ತದೆ. ಅಲ್ಲಿ ಬಿಸಿ ಕೊಟ್ಟು ದೊಡ್ಡ ಜಿಗಿತ ಕಾಯುವುದು ವ್ಯರ್ಥ, ಆದರೆ ಪಾಸಿಟಿವ್ ಕಂಟ್ರೋಲ್‌ಗೆ ಅದಕ್ಕಿಂತ ಸುಲಭದ್ದು ಇಲ್ಲ.

ಮೆಂಬ್ರೇನ್ ದಾಟಿ ಹೋದರೆ

ಎಚ್‌ಎಸ್‌ಪಿ70ಗೆ ಹೊಂದಿಸಿದ ಟ್ರಾನ್ಸ್‌ಫರ್‌ನಲ್ಲೇ ಎಚ್‌ಎಸ್‌ಪಿ27 ನೋಡಲು ಹೋದರೆ ಸಣ್ಣದು ಮೆಂಬ್ರೇನಿನ ರಂಧ್ರದಿಂದ ಆಚೆ ಹೋಗಿಬಿಡುತ್ತದೆ. ಇದನ್ನು ಹಿಡಿಯಲು ಒಂದರ ಹಿಂದೆ ಒಂದು, ಎರಡು ಮೆಂಬ್ರೇನ್ ಇಡಿ. ಹಿಂದಿನದರಲ್ಲಿ ಬ್ಯಾಂಡ್ ಸಿಕ್ಕರೆ ಉತ್ತರ ಸಿಕ್ಕಿತು. 0.45 ಮೈಕ್ರಾನ್ ಬಿಟ್ಟು 0.2 ಮೈಕ್ರಾನ್ ಪಿವಿಡಿಎಫ್ ಬಳಸಿ, ಮೆಥನಾಲ್ 20% ಇರಲಿ, ಸಮಯ ಕಡಿಮೆ ಮಾಡಿ. ಜೆಲ್ 12 ಅಥವಾ 15% ಇರಲಿ. 10% ಜೆಲ್‌ನಲ್ಲಿ 27 ಕಿಲೋಡಾಲ್ಟನ್ ಡೈ ಫ್ರಂಟ್‌ನ ಹತ್ತಿರ ಹೋಗಿ ಕೂರುತ್ತದೆ, ಬ್ಯಾಂಡ್ ಮುದ್ದೆಯಾಗಿ ಕಾಣುತ್ತದೆ.

ವೆಟ್ ಟ್ರಾನ್ಸ್‌ಫರ್ ಮಾಡುವಾಗ ಟ್ಯಾಂಕ್ ಬಿಸಿಯಾಗುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಮೇ ತಿಂಗಳಲ್ಲಿ 100 ವೋಲ್ಟ್ ಹಾಕಿ ಚಹಾಕ್ಕೆ ಹೋದರೆ ಬಫರ್ ಕೈ ಸುಡುವಷ್ಟಾಗಿ, ಜೆಲ್ ಮೆತ್ತಗಾಗಿ, ಬ್ಯಾಂಡ್‌ಗಳು ಅಲೆ ಅಲೆಯಾಗಿ ಬರುತ್ತವೆ. ಲ್ಯಾಬ್‌ನ ಐಸ್ ಯಂತ್ರ ಕೈಕೊಟ್ಟ ದಿನ ಮೀನುಗಾರಿಕಾ ದಕ್ಕೆಯಿಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸ್ ತರಿಸುವುದುಂಟು. ಟ್ಯಾಂಕಿನ ಹೊರಗೆ ಒತ್ತಿ ಇಡಲು ಅದು ಸಾಕು. ಮೀನಿನ ವಾಸನೆ ಇರುತ್ತದೆ, ಒಳಗೆ ಹಾಕಬೇಡಿ.

25ರಲ್ಲಿ ಚಂದದ ಬ್ಯಾಂಡ್ ಬಂದಿದೆ, ಅದೇ ತೊಂದರೆ

ಖಾಲಿ ಬ್ಲಾಟ್‌ಗಿಂತ ಇದು ಅಪಾಯ. ಖಾಲಿ ಬ್ಲಾಟ್ ಯಾರನ್ನೂ ಮೋಸ ಮಾಡುವುದಿಲ್ಲ.

ಮೌಸ್ ಅಂಗಾಂಶದ ಲೈಸೇಟ್, ಅದರ ಮೇಲೆ ಮೌಸ್ ಮೊನೊಕ್ಲೋನಲ್, ಆಮೇಲೆ ಮೌಸ್ ಐಜಿಜಿ ಹಿಡಿಯುವ ಸೆಕೆಂಡರಿ. ಅಂಗಾಂಶದಲ್ಲಿ ರಕ್ತ ಇರುತ್ತದೆ, ರಕ್ತದಲ್ಲಿ ಮೌಸ್‌ನದ್ದೇ ಐಜಿಜಿ ಇರುತ್ತದೆ. ಕುದಿಸಿದಾಗ ಅದು ಒಡೆದು 50 ಕಿಲೋಡಾಲ್ಟನ್‌ನ ಹೆವಿ ಚೈನ್ ಮತ್ತು 25ರ ಲೈಟ್ ಚೈನ್ ಆಗುತ್ತದೆ. ಸೆಕೆಂಡರಿಗೆ ಇದು ಪ್ರೈಮರಿಯೋ ಅದರದ್ದೇ ರಕ್ತದ್ದೋ ಗೊತ್ತಿಲ್ಲ, ಎರಡನ್ನೂ ಹಿಡಿಯುತ್ತದೆ. ಮೌಸ್‌ನಲ್ಲಿ ನಾವು ಹುಡುಕುವ ಪ್ರೋಟೀನ್‌ಗೆ ಹೆಸರೇ ಎಚ್‌ಎಸ್‌ಪಿ25. ಲೈಟ್ ಚೈನ್ ಸರಿಯಾಗಿ ಅದರ ಪಕ್ಕದಲ್ಲೇ ಬಂದು ಕೂರುತ್ತದೆ. ಉರಿಯೂತ ಇರುವ ಅಂಗಾಂಶದಲ್ಲಿ ರಕ್ತದ ಅಂಶ ಜಾಸ್ತಿ, ಹಾಗಾಗಿ ಬ್ಯಾಂಡ್ ಕೂಡ ಜಾಸ್ತಿ. ನೋಡಿದವರು ಒತ್ತಡಕ್ಕೆ ಎಚ್‌ಎಸ್‌ಪಿ ಏರಿದೆ ಅಂತ ಥೀಸಿಸ್‌ನಲ್ಲಿ ಬರೆದುಬಿಡುತ್ತಾರೆ.

ಪತ್ತೆ ಹಚ್ಚುವುದು ಸುಲಭ. ಅದೇ ಸ್ಯಾಂಪಲ್ ಇರುವ ಒಂದು ಪಟ್ಟಿ ಕತ್ತರಿಸಿ, ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ. 25 ಮತ್ತು 50ರಲ್ಲಿ ಬ್ಯಾಂಡ್ ಬಂದರೆ ಅದು ರಕ್ತದ ಐಜಿಜಿ. ಅಂಗಾಂಶ ತೆಗೆಯುವ ಮೊದಲು ಸಲೈನ್‌ನಲ್ಲಿ ಪರ್ಫ್ಯೂಸ್ ಮಾಡಿದರೆ ಕಡಿಮೆಯಾಗುತ್ತದೆ. ಎಚ್‌ಆರ್‌ಪಿ ನೇರವಾಗಿ ಜೋಡಿಸಿದ ಪ್ರೈಮರಿ ಸಿಕ್ಕರೆ ಸೆಕೆಂಡರಿಯ ತಲೆನೋವೇ ಇಲ್ಲ. ಮೊಲದಿಂದ ಬಂದ ಮೊನೊಕ್ಲೋನಲ್ ಕೂಡ ಒಳ್ಳೆಯ ದಾರಿ. ಇಮ್ಯುನೋಪ್ರೆಸಿಪಿಟೇಶನ್ ಮಾಡುವವರಿಗೂ ಇದೇ ಕಾಟ. ಅವರು ಎಫ್‌ಸಿ ಭಾಗವನ್ನು ಮಾತ್ರ ಹಿಡಿಯುವ ಸೆಕೆಂಡರಿ ತೆಗೆದುಕೊಂಡರೆ ಲೈಟ್ ಚೈನ್ ಮಾಯವಾಗುತ್ತದೆ.

ಇನ್ನೂ ಒಂದು ಅನುಮಾನ ಇಲ್ಲಿ ಬರಬೇಕು. ನಿಮ್ಮ ಕ್ಲೋನ್ ಮೌಸ್‌ನ ಪ್ರೋಟೀನನ್ನು ಹಿಡಿಯುತ್ತದಾ? ಮನುಷ್ಯರ ಎಚ್‌ಎಸ್‌ಪಿ27ಕ್ಕೆ ಮಾಡಿದ ಕೆಲವು ಕ್ಲೋನ್‌ಗಳು ಇಲಿಗಳ ಎಚ್‌ಎಸ್‌ಪಿ25 ಅನ್ನು ಮುಟ್ಟುವುದೇ ಇಲ್ಲ. ಹಾಗಿದ್ದರೆ ಅಷ್ಟು ದಿನ ನೋಡಿದ್ದು ಪೂರಾ ಲೈಟ್ ಚೈನ್.

54ರಲ್ಲಿ ಒಂದು, 20ರಲ್ಲಿ ಒಂದು

ಮನುಷ್ಯರ ಎಚ್‌ಎಸ್‌ಪಿ27ರಲ್ಲಿ ಸಿಸ್ಟೀನ್ ಇರುವುದು ಒಂದೇ, 137ನೇ ಜಾಗದಲ್ಲಿ. ಎರಡು ಪ್ರೋಟೀನ್‌ಗಳ ಈ ಸಿಸ್ಟೀನ್‌ಗಳು ಕೈ ಹಿಡಿದುಕೊಂಡರೆ ಸುಮಾರು 54ರಲ್ಲಿ ಜೋಡಿ ಬ್ಯಾಂಡ್ ಬರುತ್ತದೆ. ಡಿಟಿಟಿ ಹಳೆಯದಾಗಿದೆ ಅಂತ ಲೆಕ್ಕ. ನೀರಿನಲ್ಲಿ ಕರಗಿಸಿದ ಡಿಟಿಟಿ ನಮ್ಮ ಸೆಕೆಗೆ ಬಾಳುವುದಿಲ್ಲ. ಸಣ್ಣ ಟ್ಯೂಬ್‌ಗಳಲ್ಲಿ ಮೈನಸ್ 20ರಲ್ಲಿಟ್ಟು, ಒಂದು ಸಲ ತೆಗೆದದ್ದನ್ನು ಮತ್ತೆ ಇಡಬೇಡಿ. ಹೊಸ ಡಿಟಿಟಿ 100 ಮಿಲಿಮೋಲಾರ್ ಹಾಕಿ ಕುದಿಸಿ. 54 ಹೋಗಿ 27 ಗಟ್ಟಿಯಾದರೆ ಅದು ಜೋಡಿಯೇ. ಹೋಗದಿದ್ದರೆ ಸೆಕೆಂಡರಿ ಮಾತ್ರ ಹಾಕಿದ ಪಟ್ಟಿ ನೋಡಿ, ಹೆವಿ ಚೈನ್ ಇರಬಹುದು.

20ರಿಂದ 22ರ ನಡುವೆ ಬರುವ ಬ್ಯಾಂಡ್‌ಗೆ ಎರಡು ಕಾರಣ. ಒಂದು, ಪ್ರೋಟೀನ್ ತುಂಡಾಗಿದೆ. ತುಂಡಾಗುವುದನ್ನು ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಸಾಯುತ್ತದೆ, ಬಫರ್ ಬಳಸುವ ಹೊತ್ತಿಗೇ ಹಾಕಬೇಕು. ಇನ್ನೊಂದು, ಹೃದಯ ಅಥವಾ ಸ್ನಾಯುವಿನ ಸ್ಯಾಂಪಲ್ ಆದರೆ ಕ್ಲೋನ್ ಆಲ್ಫಾ ಬಿ ಕ್ರಿಸ್ಟಲಿನ್‌ಗೂ ಅಂಟುತ್ತಿರಬಹುದು, ಅಲ್ಲಿ ಅದು ಧಾರಾಳ ಇದೆ. ಇದನ್ನು ನೋಡಲು ದುಬಾರಿ ಪ್ರೋಟೀನ್ ಬೇಕಿಲ್ಲ. ಮಟನ್ ಅಂಗಡಿಯವರ ಹತ್ತಿರ ಆಡಿನ ಕಣ್ಣು ಕೇಳಿ. ಕತ್ತರಿಸಿದರೆ ಒಳಗೆ ಗಾಜಿನಂಥ ಲೆನ್ಸ್ ಜಾರಿ ಹೊರಬರುತ್ತದೆ. ಲೆನ್ಸ್‌ನ ಪ್ರೋಟೀನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಆಲ್ಫಾ ಕ್ರಿಸ್ಟಲಿನ್ಸ್. ಆಲ್ಫಾ ಬಿ ಸಸ್ತನಿಗಳಲ್ಲಿ ಹೆಚ್ಚು ಬದಲಾಗಿಲ್ಲ, ಹಾಗಾಗಿ ಆಡಿನದ್ದೂ ನಡೆಯುತ್ತದೆ. ಅರೆದು, ಚೆನ್ನಾಗಿ ತೆಳು ಮಾಡಿ ಓಡಿಸಿ. ನಿಮ್ಮ ಎಚ್‌ಎಸ್‌ಪಿ27 ಕ್ಲೋನ್ ಅಲ್ಲಿ 20ರ ಹತ್ತಿರ ಹೊಳೆದರೆ ಅದು ಅಡ್ಡ ಅಂಟು ಅಂತ ಬಹುಮಟ್ಟಿಗೆ ಹೇಳಬಹುದು.

ಬ್ಯಾಂಡ್‌ನ ನಡು ಬಿಳಿಯಾಗಿ ಅಂಚು ಮಾತ್ರ ಕಪ್ಪಾಗಿದ್ದರೆ ಆಂಟಿಬಾಡಿ ಹೆಚ್ಚಾಗಿ ಇಸಿಎಲ್ ಅಲ್ಲೇ ಖರ್ಚಾಗಿ ಹೋಗಿದೆ. ಸೆಕೆಂಡರಿಯನ್ನು ಇನ್ನೂ ತೆಳು ಮಾಡಿ. ಮೆಂಬ್ರೇನ್ ತುಂಬ ಕಪ್ಪು ಚುಕ್ಕಿ ಇದ್ದರೆ ಬ್ಲಾಕಿಂಗ್ ಹಾಲು ನೋಡಿ. ಪ್ರೋಟೋಕಾಲ್‌ನಲ್ಲಿ ರೂಮ್ ಟೆಂಪರೇಚರ್ ಅಂತ ಬರೆದವರು 22, 23 ಡಿಗ್ರಿಯ ಕೋಣೆಯಲ್ಲಿ ಕೂತು ಬರೆದದ್ದು. ನಮ್ಮ 32 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟ 5% ಹಾಲು ಬೆಳಿಗ್ಗೆ ಹುಳಿ ವಾಸನೆ ಹೊಡೆಯುತ್ತದೆ. ಫಾಸ್ಫೊ ಎಚ್‌ಎಸ್‌ಪಿ27 (ಫಾಸ್ಫೇಟ್ ಸೇರಿದ್ದು) ನೋಡುವುದಾದರೆ ಹಾಲೇ ಬೇಡ, ಹಾಲಿನ ಕೇಸಿನ್‌ನಲ್ಲೂ ಫಾಸ್ಫೇಟ್ ಇದೆ. ಬಿಎಸ್‌ಎ ತೆಗೆದುಕೊಳ್ಳಿ.

ಪಚ್ಚಿಲೆ, ಸಿಗಡಿ ತಂದವರಿಗೆ

ಕರಾವಳಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅಳಿವೆಯ ನೀರು ಬಿಸಿಯಾದಾಗ ಪಚ್ಚಿಲೆಯಲ್ಲಿ (ಹಸಿರು ಚಿಪ್ಪುಮೀನು) ಎಚ್‌ಎಸ್‌ಪಿ ಏರುತ್ತದಾ ಅಂತ ನೋಡಲು ಫ್ರಿಜ್‌ನಲ್ಲಿರುವ ಮನುಷ್ಯರ ಎಚ್‌ಎಸ್‌ಪಿ27 ಕ್ಲೋನನ್ನೇ ಎತ್ತಿಕೊಳ್ಳುತ್ತಾರೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ತೋರಿಸಿದ, ಮೊನೊಕ್ಲೋನಲ್ ಮಾಡುವ ಹೈಬ್ರಿಡೋಮಾ ದಾರಿಯ ಬಲವೇ ಒಂದು ಕ್ಲೋನ್ ಒಂದೇ ಎಪಿಟೋಪನ್ನು, ಅಂದರೆ ಪ್ರೋಟೀನ್‌ನ ಒಂದು ಸಣ್ಣ ಭಾಗವನ್ನು, ಹಿಡಿಯುವುದು. ಆ ಎಪಿಟೋಪ್ ಚಿಪ್ಪುಮೀನಿನಲ್ಲಿ ಇಲ್ಲದಿದ್ದರೆ ಎಷ್ಟು ಗಟ್ಟಿ ಹಾಕಿದರೂ ಹಿಡಿಯುವುದಿಲ್ಲ. ಗಟ್ಟಿ ಹಾಕಿದಷ್ಟೂ ಬೇಡದ ಬ್ಯಾಂಡ್ ಬರುತ್ತದೆ. ಸಣ್ಣ ಹೀಟ್ ಶಾಕ್ ಪ್ರೋಟೀನ್‌ಗಳಲ್ಲಿ ತುದಿಗಳು ಪ್ರಾಣಿಯಿಂದ ಪ್ರಾಣಿಗೆ ತುಂಬಾ ಬದಲಾಗುತ್ತವೆ, ನಡುವಿನ ಡೊಮೈನ್‌ನಲ್ಲೂ ಆಕಾರ ಉಳಿದಷ್ಟು ಅಮೈನೋ ಆಸಿಡ್‌ಗಳ ಸಾಲು ಉಳಿದಿಲ್ಲ. ಎಚ್‌ಎಸ್‌ಪಿ70 ಹಾಗಲ್ಲ, ಅದು ಅಷ್ಟಾಗಿ ಬದಲಾಗಿಲ್ಲ. ಅದರ ಎಷ್ಟೋ ಕ್ಲೋನ್‌ಗಳು ದೂರದ ಪ್ರಾಣಿಗಳಲ್ಲೂ ಕೆಲಸ ಮಾಡುತ್ತವೆ. ಅದನ್ನು ನೋಡಿ ಇದನ್ನೂ ಹಾಗೇ ಅಂದುಕೊಂಡರೆ ಕಷ್ಟ.

1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಸಿಗಡಿಯ ಬಿಳಿ ಚುಕ್ಕೆ ರೋಗದ ವೈರಸ್‌ಗೆ ಮೊನೊಕ್ಲೋನಲ್ ಆಂಟಿಬಾಡಿ ಮಾಡಿದ್ದಾರೆ. ಸಿಗಡಿಯಲ್ಲಿ ಇರುವುದನ್ನು ಹುಡುಕಲು ಅದಕ್ಕೆಂದೇ ಮಾಡಿದ ಆಂಟಿಬಾಡಿ ಬೇಕು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ಅಲ್ವಾ? ಪಚ್ಚಿಲೆಯ ಎಚ್‌ಎಸ್‌ಪಿಗೆ ಸದ್ಯಕ್ಕೆ ಆರ್‌ಎನ್‌ಎ ಅಳೆಯುವುದು ಒಳ್ಳೆಯ ದಾರಿ, ಇಲ್ಲವೇ ಅದರದ್ದೇ ಪೆಪ್ಟೈಡ್‌ಗೆ ಪಾಲಿಕ್ಲೋನಲ್ ಮಾಡಿಸಬೇಕು.

ಸ್ಲೈಡ್ ಮತ್ತು ಎಲೈಸಾ

ಬ್ಲಾಟ್‌ನಲ್ಲಿ ಚಂದ ಬಂದ ಕ್ಲೋನ್ ಪ್ಯಾರಾಫಿನ್ ಸ್ಲೈಡ್‌ನಲ್ಲಿ ಕೈಕೊಡಬಹುದು. ಫಾರ್ಮಲಿನ್ ಎಪಿಟೋಪನ್ನು ಮುಚ್ಚಿರುತ್ತದೆ. ಪಿಎಚ್ 6 ಸಿಟ್ರೇಟ್‌ನಲ್ಲಿ ಕುದಿಸಿ ನೋಡಿ, ಆಗದಿದ್ದರೆ ಪಿಎಚ್ 9 ಟ್ರಿಸ್ ಇಡಿಟಿಎ.

ಎಲೈಸಾದಲ್ಲಿ (ಜೆಲ್ ಇಲ್ಲದೆ, ತಟ್ಟೆಯಲ್ಲೇ ಆಂಟಿಬಾಡಿಯಿಂದ ಅಳೆಯುವ ಪರೀಕ್ಷೆ) ಪ್ರೋಟೀನ್ ಬಿಡಿಸಿರುವುದಿಲ್ಲ, ಗುಂಪಾಗಿಯೇ ಇರುತ್ತದೆ. ಎಪಿಟೋಪ್ ಗುಂಪಿನ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ ಆಂಟಿಬಾಡಿಗೆ ಸಿಗುವುದಿಲ್ಲ. ಫಾಸ್ಫೇಟ್ ಸೇರಿ ಗುಂಪು ಒಡೆದಾಗ ಅಂಕಿ ಏರಿದರೆ ಪ್ರೋಟೀನ್ ಜಾಸ್ತಿಯಾಯಿತು ಅಂತ ಕುಣಿಯಬೇಡಿ. ಅದೇ ಸ್ಯಾಂಪಲ್ ಬ್ಲಾಟ್‌ನಲ್ಲೂ ಏರಿದೆಯಾ ನೋಡಿ.

ಕೊನೆಗೆ ಆಂಟಿಬಾಡಿಯೇ ಹಾಳಾಗಿದ್ದರೆ

ಹಾಳಾಗುವುದು ಉಂಟು. ತಾನಾಗಿ ಐಸ್ ಕರಗಿಸಿಕೊಳ್ಳುವ ಮನೆ ಫ್ರಿಜ್‌ನ ಫ್ರೀಜರ್‌ನಲ್ಲಿ ಇಟ್ಟರೆ ದಿನಕ್ಕೊಮ್ಮೆ ಬಿಸಿಯಾಗಿ ತಣ್ಣಗಾಗಿ ಹಾಳಾಗುತ್ತದೆ. ಗುಡುಗು ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿದಾಗಲೂ ಅಷ್ಟೇ. ಬಂದ ದಿನವೇ 5, 10 ಮೈಕ್ರೋಲೀಟರ್‌ನಂತೆ ಭಾಗ ಮಾಡಿ ಇಡಿ. 50% ಗ್ಲಿಸರಾಲ್ ಇದ್ದದ್ದು ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ, ಅದನ್ನು ಮೈನಸ್ 80ಕ್ಕೆ ಹಾಕುವ ಅಗತ್ಯ ಇಲ್ಲ. ಪಾರ್ಸೆಲ್‌ನಲ್ಲಿ ಐಸ್ ಕರಗಿದ್ದರೂ ಹೆದರಬೇಡಿ. ಶುದ್ಧ ಐಜಿಜಿ ಒಂದೆರಡು ದಿನದ ಸೆಕೆಯನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಪದೇ ಪದೇ ಹೆಪ್ಪುಗಟ್ಟಿ ಕರಗುವುದು ಅದಕ್ಕಿಂತ ಕೆಟ್ಟದ್ದು.

ಬದಲಿ ಕೊಡಿ ಅಂತ ಬರೆಯುವಾಗ ಬರೀ “ಕೆಲಸ ಮಾಡುತ್ತಿಲ್ಲ” ಅಂತ ಬರೆದರೆ ಉತ್ತರವೂ ಅಷ್ಟೇ ಬರುತ್ತದೆ. ಲಾಟ್ ನಂಬರ್, ಪಾನ್ಸೋ ಫೋಟೋ, ಎರಡೂ ಡಾಟ್ ತುಂಡುಗಳು, ಎಂಸಿಎಫ್7 ಪೂರ್ತಿ ಲೈಸೇಟ್‌ನ ಲೇನ್, ಸೆಕೆಂಡರಿ ಮಾತ್ರ ಹಾಕಿದ ಪಟ್ಟಿ ಇಷ್ಟನ್ನು ಒಂದೇ ಪುಟದಲ್ಲಿ ಅಂಟಿಸಿ ಕಳಿಸಿ. ಹಳೆಯ ಲಾಟ್‌ನ ಒಂದು ಭಾಗ ಉಳಿದಿದ್ದರೆ ಅದೇ ಜೆಲ್‌ನ ಇನ್ನರ್ಧಕ್ಕೆ ಅದನ್ನು ಹಾಕಿದ ಬ್ಲಾಟ್ ಕೂಡ ಸೇರಿಸಿ. ಹಳೆಯದು ಹಿಡಿದು ಹೊಸದು ಹಿಡಿಯದಿದ್ದರೆ ಅವರು ಜಾಸ್ತಿ ಪ್ರಶ್ನೆ ಕೇಳುವುದಿಲ್ಲ.